ವಿಡಿಯೊ ರೌಟರ್ ನಿಯಂತ್ರಣ: ಸೀರಿಯಲ್ ತಂತಿಯಿಂದ ನೆಟ್‌ವರ್ಕ್ ಪೋರ್ಟ್‌ವರೆಗೆ

ಯಾವ ಇನ್‌ಪುಟ್ ಯಾವ ಔಟ್‌ಪುಟ್‌ಗೆ ಹೋಗಬೇಕೋ ಅಲ್ಲಿಗೆ ಜೋಡಿಸುವುದು: ವಿಡಿಯೊ ರೌಟರ್, ಅಂದರೆ ಮ್ಯಾಟ್ರಿಕ್ಸ್ ಸ್ವಿಚರ್ ಮಾಡುವ ಕೆಲಸ ಇಷ್ಟೇ. ಮುಂಭಾಗದ ಬಟನ್ ಒತ್ತಿಯೂ ಇದನ್ನು ಮಾಡಬಹುದು. ಆದರೆ ಕಾಲೇಜಿನ ಸಭಾಂಗಣವಿರಲಿ, ಕಲ್ಯಾಣ ಮಂಟಪದ ಎಲ್‌ಇಡಿ ವಾಲ್ ಇರಲಿ, ವೈಟ್‌ಫೀಲ್ಡ್ ಕಡೆಯ ಕಂಪನಿಯ ಬೋರ್ಡ್ ರೂಮ್ ಇರಲಿ, ರೌಟರ್ ಇರುವುದು ಬೀಗ ಹಾಕಿದ ರ‍್ಯಾಕಿನಲ್ಲಿ, ಆಪರೇಟರ್ ಕೂರುವುದು ಹಾಲ್‌ನ ಇನ್ನೊಂದು ತುದಿಯಲ್ಲಿ. ಹಾಗಾಗಿ ಸೀರಿಯಲ್ ಕೇಬಲ್ ಅಥವಾ ನೆಟ್‌ವರ್ಕ್ ಬೇಕೇ ಬೇಕು.

ಈ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮಾತನ್ನು ಮೊದಲೇ ಹೇಳುತ್ತೇವೆ. ಕಮ್ಯಾಂಡ್ ಕಳಿಸಿದಿರಿ ಎಂದ ಮಾತ್ರಕ್ಕೆ ಸ್ವಿಚ್ ಆಗಿದೆ ಎಂದಲ್ಲ. ರೌಟರ್ ವಾಪಸ್ ಏನು ಹೇಳುತ್ತದೋ ಅದೇ ಲೆಕ್ಕ. ನಿಮ್ಮ ಪರದೆಯ ಮೇಲಿನ ಬಟನ್ ಬಣ್ಣ ಬದಲಾಗಬೇಕಾದ್ದು ನೀವು ಅದನ್ನು ಮುಟ್ಟಿದಾಗ ಅಲ್ಲ, ರೌಟರಿನಿಂದ ಉತ್ತರ ಬಂದಾಗ. ಕೆಳಗಿನ ಎಲ್ಲ ಹಂತಗಳೂ ಆ ಉತ್ತರವನ್ನು ನಂಬಿಕೆಯಾಗುವಂತೆ ಪಡೆಯುವುದಕ್ಕಾಗಿಯೇ ಇವೆ.

ಕೈ ಹಾಕುವ ಮೊದಲು

ಮ್ಯಾನ್ಯುಯಲ್‌ನಲ್ಲಿ ಐದು ಸಂಗತಿ ಹುಡುಕಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸೀರಿಯಲ್ ಪೋರ್ಟ್ ಆರ್‌ಎಸ್-232 ಬಗೆಯದೋ ಆರ್‌ಎಸ್-422 ಬಗೆಯದೋ; ಪಿನ್‌ಗಳ ಜೋಡಣೆ; ಸೀರಿಯಲ್ ಹೊಂದಿಕೆ, ಅಂದರೆ ಬಾಡ್ ರೇಟ್ (ಕಳಿಸುವ ವೇಗ), ಡೇಟಾ ಬಿಟ್, ಪ್ಯಾರಿಟಿ (ತಪ್ಪು ಹಿಡಿಯುವ ಬಿಟ್), ಸ್ಟಾಪ್ ಬಿಟ್; ಫ್ಯಾಕ್ಟರಿ ಐಪಿ ವಿಳಾಸ ಮತ್ತು ಟಿಸಿಪಿ ಪೋರ್ಟ್; ಪ್ರೋಟೊಕಾಲ್‌ನ, ಅಂದರೆ ಕಮ್ಯಾಂಡ್ ಭಾಷೆಯ ಹೆಸರು. ಹಳೆಯ ಯಂತ್ರಗಳಲ್ಲಿ 232 ಮತ್ತು 422 ಎರಡೂ ಒಂದೇ ಒಂಬತ್ತು ಪಿನ್ ಕನೆಕ್ಟರಿನಲ್ಲಿ ಇದ್ದು, ಒಳಗಿನ ಜಂಪರ್ ಅಥವಾ ಹಿಂಬದಿಯ ಡಿಪ್ ಸ್ವಿಚ್ ಯಾವುದೆಂದು ನಿರ್ಧರಿಸುತ್ತದೆ. ಬಾಡಿಗೆಗೆ ತಂದ ಯಂತ್ರವಾದರೆ ಅದನ್ನು ಹಿಂದಿನವರು ಹೇಗೆ ಬಿಟ್ಟಿದ್ದಾರೋ ನೋಡಿಯೇ ಮುಂದುವರಿಯಿರಿ.

ಆರ್‌ಜೆ-45 ಆಕಾರದ ತೂತುಗಳೆಲ್ಲ ನೆಟ್‌ವರ್ಕ್ ಅಲ್ಲ. ಕೆಲವು ರೌಟರ್‌ಗಳಲ್ಲಿ ಸೀರಿಯಲ್ ಪೋರ್ಟ್ ಇದೇ ಆಕಾರದಲ್ಲಿರುತ್ತದೆ. ನೆಟ್‌ವರ್ಕ್ ಬಗೆಯ ಕೇಬಲಿನಲ್ಲೇ ವಿಡಿಯೊ ಕಳಿಸುವ ಎಚ್‌ಡಿಬೇಸ್‌ಟಿ ಔಟ್‌ಪುಟ್ ಕೂಡ ಹಾಗೆಯೇ ಕಾಣುತ್ತದೆ. ಸಿಸಿಟಿವಿ ಹಾಕಿದವರು ಅದೇ ರ‍್ಯಾಕಿನಲ್ಲಿ ಪ್ಯಾಸಿವ್ ಪಿಒಇ ಇಂಜೆಕ್ಟರ್ (ನೆಟ್‌ವರ್ಕ್ ಕೇಬಲಿನಲ್ಲೇ ಕರೆಂಟ್ ಕಳಿಸುವ ಪೆಟ್ಟಿಗೆ) ಬಿಟ್ಟು ಹೋಗಿದ್ದರೆ ಇನ್ನೂ ಎಚ್ಚರ ಬೇಕು: ಅದು ಎದುರಿಗೆ ಏನಿದೆ ಎಂದು ಕೇಳದೆ ವೋಲ್ಟೇಜ್ ಕಳಿಸುತ್ತದೆ, ಸೀರಿಯಲ್ ಚಿಪ್ ಸುಟ್ಟುಹೋಗುತ್ತದೆ. ಕೇಬಲಿನ ಎರಡೂ ತುದಿಗೆ ಲೇಬಲ್ ಅಂಟಿಸದೆ ಯಾವುದನ್ನೂ ಚುಚ್ಚಬೇಡಿ.

ಆರ್‌ಎಸ್-232: ಮೂರೇ ತಂತಿ, ಆದರೂ ಹೆಚ್ಚು ತಪ್ಪಾಗುವ ಜಾಗ

ಬೇಕಾದ್ದು ಮೂರು ತಂತಿ. ಪಿಸಿ ಕಡೆಯ ಡಿಬಿ-9 ಮೇಲ್ ಕನೆಕ್ಟರಿನಲ್ಲಿ ಪಿನ್ 2 ಸ್ವೀಕರಿಸುತ್ತದೆ, ಪಿನ್ 3 ಕಳಿಸುತ್ತದೆ, ಪಿನ್ 5 ಗ್ರೌಂಡ್. ರೌಟರ್ ಕಡೆ 2 ಕಳಿಸಿ 3 ಸ್ವೀಕರಿಸುವಂತಿದ್ದರೆ ನೇರ ಕೇಬಲ್ ಸಾಕು. ಎಕ್ಸ್‌ಟ್ರಾನ್ ಕಂಪನಿಯ ಬಹಳಷ್ಟು ಮ್ಯಾಟ್ರಿಕ್ಸ್‌ಗಳು ಹೀಗೆಯೇ ಇವೆ. ರೌಟರ್ ಕೂಡ ಪಿಸಿಯಂತೆ 3ರಲ್ಲಿ ಕಳಿಸುವುದಾದರೆ 2 ಮತ್ತು 3 ಅದಲುಬದಲಾದ ನಲ್ ಮೋಡೆಮ್ ಕೇಬಲ್ ಬೇಕು.

ಯಾವುದು ಎಂದು ಊಹಿಸಿ ಕೂರಬೇಕಿಲ್ಲ, ಮಲ್ಟಿಮೀಟರ್ ಹೇಳುತ್ತದೆ. ಕೇಬಲ್ ಬಿಚ್ಚಿ, ರೌಟರ್ ಆನ್ ಮಾಡಿ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಪಿನ್ 5ಕ್ಕೆ ಹಿಡಿದು, ಕೆಂಪನ್ನು ಮೊದಲು 2ಕ್ಕೆ, ಆಮೇಲೆ 3ಕ್ಕೆ ಮುಟ್ಟಿಸಿ. ಸುಮ್ಮನಿರುವ 232 ಕಳಿಸುವ ಪಿನ್‌ನಲ್ಲಿ ಋಣ ವೋಲ್ಟೇಜ್ ಇರುತ್ತದೆ, ಸಾಮಾನ್ಯವಾಗಿ −5ರಿಂದ −12ರ ನಡುವೆ. ಸ್ವೀಕರಿಸುವ ಪಿನ್ ಸೊನ್ನೆಯ ಹತ್ತಿರ ನಿಲ್ಲುತ್ತದೆ. ಪಿಸಿಯ ಕಡೆಯೂ ಹೀಗೆಯೇ ಅಳೆಯಿರಿ. ಒಂದರ ಋಣ ಪಿನ್ ಇನ್ನೊಂದರ ಸೊನ್ನೆ ಪಿನ್‌ಗೆ ಸೇರಬೇಕು. ಎರಡೂ ಕಡೆ ಒಂದೇ ಸಂಖ್ಯೆಯ ಪಿನ್ ಋಣವಾಗಿದ್ದರೆ ಕ್ರಾಸ್ ಕೇಬಲ್, ಬೇರೆ ಬೇರೆಯಾಗಿದ್ದರೆ ನೇರ ಕೇಬಲ್. ಎರಡು ಪಿನ್‌ನಲ್ಲೂ ಏನೂ ಕಾಣದಿದ್ದರೆ ಆ ಪೋರ್ಟ್ 422ಕ್ಕೆ ಹೊಂದಿಸಿದ್ದಿರಬಹುದು, ಇಲ್ಲವೇ ಸತ್ತಿರಬಹುದು.

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇಲ್ಲವಾದ್ದರಿಂದ ಯುಎಸ್‌ಬಿ ಕನ್ವರ್ಟರ್ ಬೇಕು. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳಿರುವ ಎಸ್‌ಪಿ ರಸ್ತೆಯಲ್ಲಿ ಕೇಳಿದರೆ ಹಲವು ಬಗೆಯದು ತೋರಿಸುತ್ತಾರೆ. ಎಫ್‌ಟಿಡಿಐ ಚಿಪ್ ಇರುವುದನ್ನೇ ಕೇಳಿ ತನ್ನಿ. ಅಗ್ಗದ ಪ್ರೊಲಿಫಿಕ್ ನಕಲಿ ಚಿಪ್‌ಗಳನ್ನು ವಿಂಡೋಸ್‌ನ ಹೊಸ ಡ್ರೈವರ್ ಒಪ್ಪುವುದಿಲ್ಲ, ಡಿವೈಸ್ ಮ್ಯಾನೇಜರಿನಲ್ಲಿ ಹಳದಿ ಗುರುತು ಬಂದು ನಿಲ್ಲುತ್ತದೆ. ಎರಡು ತಂದಿಟ್ಟುಕೊಳ್ಳಿ. ಡಿಬಿ-9 ಕನೆಕ್ಟರ್, ಹುಡ್, ಬೆಸುಗೆ ಸೀಸವನ್ನೂ ಆಗಲೇ ತೆಗೆದುಕೊಳ್ಳಿ. ಮದುವೆ, ಸಮ್ಮೇಳನಗಳು ಬಹಳಷ್ಟು ಭಾನುವಾರವೇ ಇರುತ್ತವೆ, ಅಲ್ಲಿನ ಬಹುಪಾಲು ಅಂಗಡಿಗಳಿಗೆ ರಜೆಯೂ ಭಾನುವಾರವೇ.

ಕೇಬಲ್ ಎಳೆದ ಮೇಲೆ ರೌಟರಿಗೆ ಸಿಕ್ಕಿಸುವ ಮುಂಚೆ ಲೂಪ್ ಪರೀಕ್ಷೆ ಮಾಡಿ. ದೂರದ ತುದಿಯಲ್ಲಿ 2 ಮತ್ತು 3ನ್ನು ಪೇಪರ್ ಕ್ಲಿಪ್‌ನಿಂದ ಶಾರ್ಟ್ ಮಾಡಿ, ಪುಟ್ಟಿ ಅಥವಾ ಟೆರಾ ಟರ್ಮ್ ಎಂಬ ಟರ್ಮಿನಲ್ ಪ್ರೋಗ್ರಾಂ ತೆರೆದು ಏನಾದರೂ ಟೈಪ್ ಮಾಡಿ. ಲೋಕಲ್ ಎಕೋ, ಅಂದರೆ ಒತ್ತಿದ್ದನ್ನು ಪ್ರೋಗ್ರಾಂ ತಾನೇ ತೋರಿಸುವುದು, ಆಫ್ ಇರಬೇಕು. ಒತ್ತಿದ ಅಕ್ಷರ ಪರದೆಯಲ್ಲಿ ಮೂಡಿದರೆ ಕನ್ವರ್ಟರ್, ಡ್ರೈವರ್, ಎರಡು ತಂತಿ, ಇಷ್ಟೂ ಸರಿ ಇವೆ ಎಂದಾಯಿತು. ಗ್ರೌಂಡ್ ತಂತಿಯನ್ನು ಈ ಪರೀಕ್ಷೆ ನೋಡುವುದಿಲ್ಲ, ಅದನ್ನು ಮೀಟರಿನ ಬೀಪ್‌ನಲ್ಲಿ ಪ್ರತ್ಯೇಕವಾಗಿ ನೋಡಿ. ಗ್ರೌಂಡ್ ಕಡಿದಿದ್ದರೂ ಎರಡು ಯಂತ್ರಗಳ ಅರ್ಥಿಂಗ್ ಮೂಲಕ ಸಂಪರ್ಕ ಅಲ್ಪಸ್ವಲ್ಪ ನಡೆದು, ಎಸಿಯೋ ಡಿಮ್ಮರೋ ಆನ್ ಆದಾಗ ಮಾತ್ರ ಕೈಕೊಡುತ್ತದೆ. ಹುಡುಕುವುದಕ್ಕೆ ಇದಕ್ಕಿಂತ ಕಷ್ಟದ ದೋಷ ಕಡಿಮೆ.

232ರ ದೂರದ ಮಿತಿ ಸುಮಾರು 15 ಮೀಟರ್ ಎಂದು ಹೇಳುವುದು ರೂಢಿ. ನಿಜವಾದ ಮಿತಿ ಕೇಬಲಿನ ಕೆಪಾಸಿಟೆನ್ಸ್, ಒಟ್ಟು 2500 ಪಿಕೋಫ್ಯಾರಡ್. ಒಳ್ಳೆಯ ಕೇಬಲಿನಲ್ಲಿ 9600 ಬಾಡ್ ಇನ್ನೂ ದೂರ ಹೋಗುತ್ತದೆ. ಆದರೂ ಹೊಸದಾಗಿ ತಂತಿ ಎಳೆಯುವವರಿಗೆ ನಮ್ಮ ಸಲಹೆ, 15 ಮೀಟರ್ ದಾಟಿದರೆ 422ಕ್ಕೋ ನೆಟ್‌ವರ್ಕ್‌ಗೋ ಹೋಗಿ.

ಆರ್‌ಎಸ್-422: ಜೋಡಿ ತಂತಿಗಳು

422ರಲ್ಲಿ ಕಳಿಸಲು ಒಂದು ಜೋಡಿ, ಸ್ವೀಕರಿಸಲು ಒಂದು ಜೋಡಿ, ಜೊತೆಗೆ ಗ್ರೌಂಡ್. ಕಡಿಮೆ ವೇಗದಲ್ಲಿ 1200 ಮೀಟರ್‌ವರೆಗೂ ಹೋಗುತ್ತದೆ. ಕ್ಯಾಟ್-6 ಕೇಬಲ್ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ: ಕಿತ್ತಳೆ ಜೋಡಿ ಒಂದು ದಿಕ್ಕಿಗೆ, ಹಸಿರು ಜೋಡಿ ಇನ್ನೊಂದಕ್ಕೆ, ಕಂದು ಜೋಡಿ ಗ್ರೌಂಡಿಗೆ. ಪ್ಲಸ್ ಮತ್ತು ಮೈನಸ್ ಒಂದೇ ಹೆಣೆದ ಜೋಡಿಯಲ್ಲಿ ಇರಬೇಕು. ಪ್ಲಸ್ ಕಿತ್ತಳೆಯಲ್ಲಿ, ಮೈನಸ್ ಹಸಿರಿನಲ್ಲಿ ಎಂದು ಒಡೆದರೆ ಮೇಜಿನ ಮೇಲೆ ಕೆಲಸ ಮಾಡುವ ಕೇಬಲ್ ಸೀಲಿಂಗ್ ಮೇಲೆ ಹೋದಾಗ ಕೈಕೊಡುತ್ತದೆ.

ಎ, ಬಿ ಎಂಬ ಗುರುತುಗಳನ್ನು ನಂಬಬೇಡಿ. ಒಬ್ಬ ತಯಾರಕರ ಎ ಇನ್ನೊಬ್ಬರ ಬಿ ಆಗಿರುತ್ತದೆ. ಪ್ಲಸ್ ಮೈನಸ್ ಉಲ್ಟಾ ಆದರೆ ಯಂತ್ರ ಹಾಳಾಗುವುದಿಲ್ಲ, ಆದರೆ ಬರೀ ಕಸದ ಅಕ್ಷರಗಳು ಬರುತ್ತವೆ. ಆಗ ಆ ಜೋಡಿಯ ಎರಡು ತಂತಿ ಅದಲುಬದಲು ಮಾಡಿ ನೋಡಿ.

ಕನ್ವರ್ಟರ್ ಕೊಳ್ಳುವಾಗ ಇನ್ನೊಂದು ಎಚ್ಚರಿಕೆ. ಅಂಗಡಿಯಲ್ಲಿ ಸುಲಭವಾಗಿ ಸಿಗುವುದು ಎರಡೇ ಸ್ಕ್ರೂ ಇರುವ 485 ಕನ್ವರ್ಟರ್. ಅದು ಒಂದೇ ಜೋಡಿಯಲ್ಲಿ ಸರದಿಯಂತೆ ಕಳಿಸಿ ಕೇಳುತ್ತದೆ. ರೌಟರಿಗೆ ಬೇಕಾದ್ದು ನಾಲ್ಕು ಡೇಟಾ ಸ್ಕ್ರೂ, ಒಂದು ಗ್ರೌಂಡ್ ಸ್ಕ್ರೂ ಇರುವುದು. ಹಾಗೆಯೇ 38400 ಬಾಡ್ ಎಂದು ಕಂಡ ಕೂಡಲೇ ಮುಂದಿನದನ್ನು ಊಹಿಸಬೇಡಿ: ವಿಟಿಆರ್‌ಗಳ (ವಿಡಿಯೊ ಟೇಪ್ ರೆಕಾರ್ಡರ್) ಸೋನಿ 9-ಪಿನ್ ಪ್ರೋಟೊಕಾಲ್ 38400ರಲ್ಲಿ ಆಡ್ ಪ್ಯಾರಿಟಿ ಬಳಸುತ್ತದೆ, ರೌಟರ್‌ಗಳ ಎಸ್‌ಡಬ್ಲ್ಯು-ಪಿ-08 ಪ್ರೋಟೊಕಾಲ್ ಅದೇ 38400ರಲ್ಲಿ ಪ್ಯಾರಿಟಿ ಇಲ್ಲದೆ ನಡೆಯುತ್ತದೆ. ಕೇಬಲ್ ಒಂದೇ ರೀತಿ, ಕನೆಕ್ಟರ್ ಒಂದೇ ರೀತಿ, ಮಾತು ಮಾತ್ರ ಅರ್ಥವಾಗುವುದಿಲ್ಲ.

ಮೊದಲ ಕಮ್ಯಾಂಡ್

ಸುಲಭವಾದ್ದರಿಂದ ಶುರು ಮಾಡೋಣ. ಎಕ್ಸ್‌ಟ್ರಾನ್‌ನ ಪ್ರೋಟೊಕಾಲ್ ಆದ ಎಸ್‌ಐಎಸ್‌ನ ಕಮ್ಯಾಂಡ್‌ಗಳನ್ನು ಕೀಬೋರ್ಡಿನಲ್ಲೇ ಟೈಪ್ ಮಾಡಬಹುದು. ಪುಟ್ಟಿಯಲ್ಲಿ ಹೀಗೆ ಮಾಡಿ:

1. ಡಿವೈಸ್ ಮ್ಯಾನೇಜರಿನಲ್ಲಿ ಕಾಮ್ ಪೋರ್ಟ್ ಸಂಖ್ಯೆ ನೋಡಿ. ಕನ್ವರ್ಟರನ್ನು ಬೇರೆ ಯುಎಸ್‌ಬಿ ತೂತಿಗೆ ಹಾಕಿದರೆ ಈ ಸಂಖ್ಯೆ ಬದಲಾಗಬಹುದು, ಆದ್ದರಿಂದ ಒಂದು ತೂತಿಗೆ ಟೇಪ್ ಅಂಟಿಸಿ ಅದನ್ನೇ ಬಳಸಿ.
2. ಸೀರಿಯಲ್ ಆರಿಸಿ, 9600, 8 ಡೇಟಾ ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಕೊಡಿ.
3. ಫ್ಲೋ ಕಂಟ್ರೋಲ್ (ಕಳಿಸುವುದನ್ನು ತಡೆದು ಬಿಡುವ ವ್ಯವಸ್ಥೆ) ಬೇಡ, None ಆರಿಸಿ. ಪುಟ್ಟಿಯಲ್ಲಿ ಮೊದಲಿಂದ ಇರುವುದು ಎಕ್ಸ್-ಆನ್ ಎಕ್ಸ್-ಆಫ್. ಇದು ಯಾಕೆ ಮುಖ್ಯ ಎಂದು ಮುಂದೆ ಬರುತ್ತದೆ.
4. ಕನೆಕ್ಟ್ ಆದ ಮೇಲೆ ಕ್ಯೂ (Q) ಅಕ್ಷರ ಒತ್ತಿ. ಫರ್ಮ್‌ವೇರ್ ಆವೃತ್ತಿ ಬರಬೇಕು. ಇದು ಯಾವ ಚಿತ್ರವನ್ನೂ ಅಲುಗಿಸದ ಕಮ್ಯಾಂಡ್, ಆದ್ದರಿಂದ ಕಾರ್ಯಕ್ರಮ ನಡೆಯುತ್ತಿರುವಾಗಲೂ ಕೊಡಬಹುದು.
5. 3% ಎಂದು ಟೈಪ್ ಮಾಡಿ. ಔಟ್‌ಪುಟ್ 3ಕ್ಕೆ ಈಗ ಯಾವ ಇನ್‌ಪುಟ್ ಹೋಗುತ್ತಿದೆ ಎಂದು ಹೇಳುತ್ತದೆ. ಬರೆದಿಟ್ಟುಕೊಳ್ಳಿ.
6. ಈಗ 1*3! ಕೊಡಿ. ಇನ್‌ಪುಟ್ 1 ಔಟ್‌ಪುಟ್ 3ಕ್ಕೆ ಸೇರುತ್ತದೆ, ಉತ್ತರದಲ್ಲಿ ಔಟ್ 3, ಇನ್ 1, ಆಲ್ ಎಂಬ ಸಾಲು ಬರುತ್ತದೆ. ಎಂಟರ್ ಒತ್ತುವುದು ಬೇಡ, ಆಶ್ಚರ್ಯಸೂಚಕ ಚಿಹ್ನೆಯೇ ಕಮ್ಯಾಂಡಿನ ಕೊನೆ.
7. ಐದನೇ ಹಂತದಲ್ಲಿ ಬರೆದಿಟ್ಟ ಇನ್‌ಪುಟ್ಟನ್ನೇ ವಾಪಸ್ ಜೋಡಿಸಿ.

ತಪ್ಪಾದರೆ ಇ ಅಕ್ಷರದ ಜೊತೆ ಸಂಖ್ಯೆ ಬರುತ್ತದೆ. 01 ಎಂದರೆ ಇಲ್ಲದ ಇನ್‌ಪುಟ್, 12 ಎಂದರೆ ಇಲ್ಲದ ಔಟ್‌ಪುಟ್, 10 ಎಂದರೆ ಕಮ್ಯಾಂಡೇ ಅರ್ಥವಾಗಿಲ್ಲ. ಇಂಥ ಉತ್ತರ ಬಂದರೆ ಸಂತೋಷಪಡಿ, ಕೇಬಲ್ ಸರಿ ಇದೆ ಎಂದರ್ಥ. ಕಸದ ಅಕ್ಷರ ಬಂದರೆ ಬಾಡ್ ರೇಟ್ ಅಥವಾ ಪ್ಯಾರಿಟಿ ತಪ್ಪು. ಏನೂ ಬರದಿದ್ದರೆ ತಂತಿ, ಪಿನ್ ಅಥವಾ ತಪ್ಪು ಕಾಮ್ ಪೋರ್ಟ್.

ಸಂಖ್ಯೆಯ ಗೋಜಲು

ಎಸ್‌ಐಎಸ್‌ನಲ್ಲಿ ಇನ್‌ಪುಟ್ ಮೊದಲು, ಔಟ್‌ಪುಟ್ ಆಮೇಲೆ, ಎಣಿಕೆ 1ರಿಂದ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ವಿಡಿಯೊಹಬ್ ರೌಟರ್‌ಗಳಲ್ಲಿ ಔಟ್‌ಪುಟ್ ಮೊದಲು, ಇನ್‌ಪುಟ್ ಆಮೇಲೆ, ಎಣಿಕೆ 0ಯಿಂದ. ಅಲ್ಲಿ ಔಟ್‌ಪುಟ್ 3ಕ್ಕೆ ಇನ್‌ಪುಟ್ 1 ಬೇಕೆಂದರೆ ಕಳಿಸುವ ಸಾಲು 2 0 ಎಂದಾಗುತ್ತದೆ. ಕ್ರೇಮರ್ ಕಂಪನಿಯ ಹಳೆಯ ಪ್ರೋಟೊಕಾಲ್ 2000ದಲ್ಲಿ ನಾಲ್ಕು ಬೈಟ್: ಇನ್‌ಪುಟ್ 1ನ್ನು ಔಟ್‌ಪುಟ್ 2ಕ್ಕೆ ಹಾಕಲು ದಶಮಾನದಲ್ಲಿ 1, 129, 130, 129. ಮೊದಲ 1 ಜೋಡಿಸು ಎಂಬ ಕಮ್ಯಾಂಡ್, ಉಳಿದ ಸಂಖ್ಯೆಗಳಿಗೆ 128 ಕೂಡಿಸಿರುತ್ತಾರೆ, ಕೊನೆಯದು ಯಂತ್ರದ ಸಂಖ್ಯೆ.

1*1 ಅಥವಾ 0 0 ಕೊಟ್ಟು ಪರೀಕ್ಷೆ ಮಾಡುವುದರಿಂದ ಪ್ರಯೋಜನವಿಲ್ಲ, ಕ್ರಮ ಉಲ್ಟಾ ಇದ್ದರೂ ಅದು ಸರಿಯಾಗಿಯೇ ಕಾಣುತ್ತದೆ. ಯಾವಾಗಲೂ 2 ಮತ್ತು 5ರಂಥ ಬೇರೆ ಬೇರೆ ಸಂಖ್ಯೆ ಕೊಟ್ಟು, ಮಾನಿಟರ್ ಎದುರಿಗಿಟ್ಟುಕೊಂಡು ಕಣ್ಣಾರೆ ನೋಡಿ. ಇನ್‌ಪುಟ್ 5ಕ್ಕೆ ಬಣ್ಣದ ಪಟ್ಟಿ, ಉಳಿದವಕ್ಕೆ ಬೇರೆ ಚಿತ್ರ ಕೊಟ್ಟಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತದೆ.

ಬೈನರಿ ಪ್ರೋಟೊಕಾಲ್: 17, 18 ಮತ್ತು 20ನೇ ಔಟ್‌ಪುಟ್ ಮಾತ್ರ ಯಾಕೆ ಕೆಲಸ ಮಾಡುವುದಿಲ್ಲ?

ಪ್ರಸಾರ ಕೇಂದ್ರಗಳ ದೊಡ್ಡ ರೌಟರ್‌ಗಳು ಬಹಳಷ್ಟು ಎಸ್‌ಡಬ್ಲ್ಯು-ಪಿ-08 ಮಾತಾಡುತ್ತವೆ. ಇದು ಪ್ರೋ-ಬೆಲ್ ಕಂಪನಿಯಿಂದ ಬಂದದ್ದು, ಈಗ ಹಲವು ತಯಾರಕರು ಇದನ್ನು ಬೆಂಬಲಿಸುತ್ತಾರೆ. ಅಕ್ಷರಗಳಲ್ಲ, ಬೈಟ್‌ಗಳು. ಸುಲಭವಾಗಲೆಂದು ಎಲ್ಲವನ್ನೂ ದಶಮಾನದಲ್ಲೇ ಕೊಡುತ್ತೇವೆ.

ಪ್ರತಿ ಸಂದೇಶ 16, 2 ಎಂದು ಶುರುವಾಗಿ 16, 3 ಎಂದು ಮುಗಿಯುತ್ತದೆ. ನಡುವೆ ಡೇಟಾ, ಡೇಟಾದಲ್ಲಿ ಎಷ್ಟು ಬೈಟ್ ಇವೆ ಎಂಬ ಎಣಿಕೆ, ಕೊನೆಗೆ ಚೆಕ್‌ಸಮ್, ಅಂದರೆ ಸಂದೇಶ ಕೆಡದೆ ಬಂತೇ ಎಂದು ನೋಡುವ ಬೈಟ್. ಔಟ್‌ಪುಟ್ 5ಕ್ಕೆ ಇನ್‌ಪುಟ್ 7 ಬೇಕು ಎನ್ನೋಣ. ಎಣಿಕೆ 0ಯಿಂದ, ಆದ್ದರಿಂದ 4 ಮತ್ತು 6. ಡೇಟಾ ಐದು ಬೈಟ್: 2 (ಜೋಡಿಸು ಎಂಬ ಕಮ್ಯಾಂಡ್), 0 (ಮ್ಯಾಟ್ರಿಕ್ಸ್ ಮತ್ತು ಲೆವೆಲ್), 0 (ಗುಣಕ), 4, 6. ಎಣಿಕೆ 5. ಇವೆಲ್ಲ ಕೂಡಿದರೆ 17. 256ರಲ್ಲಿ 17 ಕಳೆದರೆ 239, ಅದೇ ಚೆಕ್‌ಸಮ್. ತಂತಿಯ ಮೇಲೆ ಹೋಗುವುದು:

16 2 2 0 0 4 6 5 239 16 3

ಸಂದೇಶದ ಗಡಿಗೆ 16 ಬಳಸುವುದರಿಂದ ಒಳಗೆಲ್ಲಾದರೂ 16 ಬಂದರೆ ಅದನ್ನು ಎರಡು ಸಲ ಕಳಿಸಬೇಕು. ಎಣಿಕೆಗೆ ಮತ್ತು ಚೆಕ್‌ಸಮ್‌ಗೆ ಅದು ಒಂದೇ ಎಂದು ಲೆಕ್ಕ. ಇದನ್ನು ಮರೆತ ಪ್ರೋಗ್ರಾಂನಲ್ಲಿ ಎಲ್ಲ ಔಟ್‌ಪುಟ್ ಕೆಲಸ ಮಾಡಿ 17ನೆಯದು ಮಾತ್ರ ಮಾಡುವುದಿಲ್ಲ, ಯಾಕೆಂದರೆ ಅದರ ಬೈಟ್ 16. ಎಲ್ಲೋ ಒಮ್ಮೊಮ್ಮೆ ಚೆಕ್‌ಸಮ್ಮೇ 16 ಆದಾಗಲೂ ಹೀಗಾಗುತ್ತದೆ. 128ನೇ ಔಟ್‌ಪುಟ್ ದಾಟಿದ ಮೇಲೆ ಗುಣಕ ಬೈಟ್ ಬಳಕೆಗೆ ಬರುತ್ತದೆ: 0ಯಿಂದ ಎಣಿಸಿದ ಔಟ್‌ಪುಟ್ ಸಂಖ್ಯೆಯನ್ನು 128ರಿಂದ ಭಾಗಿಸಿದ ಭಾಗಲಬ್ಧವನ್ನು 16ರಿಂದ ಗುಣಿಸಿ, ಅದಕ್ಕೆ ಇನ್‌ಪುಟ್ಟಿನ ಭಾಗಲಬ್ಧ ಕೂಡಿಸಬೇಕು, ಶೇಷಗಳು ಮುಂದಿನ ಎರಡು ಬೈಟ್‌ಗಳಿಗೆ. ಔಟ್‌ಪುಟ್ 128ರಿಂದ 255ರೊಳಗೆ, ಇನ್‌ಪುಟ್ 128ಕ್ಕಿಂತ ಕೆಳಗೆ ಇದ್ದಾಗ ಗುಣಕವೇ 16 ಆಗುತ್ತದೆ. ಅದನ್ನೂ ಎರಡು ಸಲ ಕಳಿಸಬೇಕು.

18 ಮತ್ತು 20ನೇ ಔಟ್‌ಪುಟ್ ಕೈಕೊಟ್ಟರೆ ಕಾರಣ ಬೇರೆ. ಅವುಗಳ ಬೈಟ್ 17 ಮತ್ತು 19. ಇವೇ ಎಕ್ಸ್-ಆನ್ ಮತ್ತು ಎಕ್ಸ್-ಆಫ್. ಸಾಫ್ಟ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದ್ದರೆ ಡ್ರೈವರ್ ಇವನ್ನು ನುಂಗಿಬಿಡುತ್ತದೆ. ರೌಟರಿನಿಂದ 19 ಬಂದರೆ ಪಿಸಿ ಕಳಿಸುವುದನ್ನೇ ನಿಲ್ಲಿಸಿ ಕೂರುತ್ತದೆ. ಲಿನಕ್ಸ್‌ನಲ್ಲಾದರೆ ಪೋರ್ಟನ್ನು ರಾ ಮೋಡ್‌ನಲ್ಲಿ (ಬೈಟ್‌ಗಳನ್ನು ಬದಲಿಸದೆ ಹಾಗೇ ಕೊಡುವ ಮೋಡ್) ತೆರೆಯಿರಿ, ಇಲ್ಲವಾದರೆ ಒಳಬರುವ 13 ಎಂಬ ಬೈಟ್ 10 ಆಗಿ ಬದಲಾಗಿ ಚೆಕ್‌ಸಮ್ ಕೂಡುವುದಿಲ್ಲ.

ರೌಟರ್ ಮೊದಲು 16, 6 ಕಳಿಸುತ್ತದೆ. ಸಂದೇಶ ಸರಿಯಾಗಿ ತಲುಪಿತು ಎಂದಷ್ಟೇ ಅದರ ಅರ್ಥ. 16, 21 ಬಂದರೆ ಸಂದೇಶ ಕೆಟ್ಟಿದೆ, ಮತ್ತೆ ಕಳಿಸಿ. ಚಿತ್ರ ನಿಜಕ್ಕೂ ಬದಲಾಯಿತು ಎಂದು ಹೇಳುವುದು ಆಮೇಲೆ ಬರುವ, 4 ಎಂಬ ಕಮ್ಯಾಂಡಿನ ಸಂದೇಶ. ಟ್ಯಾಲಿ, ಅಂದರೆ ಬಟನ್‌ನ ಸೂಚಕ ದೀಪ ಹೊತ್ತಿಸಬೇಕಾದ್ದು ಈ ನಾಲ್ಕನ್ನು ನೋಡಿ, ಆ ಆರನ್ನು ನೋಡಿ ಅಲ್ಲ. ಬಹಳ ಪ್ಯಾನಲ್‌ಗಳು ಸುಳ್ಳು ಹೇಳುವುದು ಇಲ್ಲಿಯೇ.

ನೆಟ್‌ವರ್ಕ್ ಮೂಲಕ

ಮೊದಲ ಸಲ ಹಾಲ್‌ನ ನೆಟ್‌ವರ್ಕಿಗೆ ಸೇರಿಸಬೇಡಿ. ಒಂದೇ ಕೇಬಲ್, ಲ್ಯಾಪ್‌ಟಾಪಿನಿಂದ ರೌಟರಿಗೆ ನೇರವಾಗಿ. ಎಕ್ಸ್‌ಟ್ರಾನ್‌ನ ಫ್ಯಾಕ್ಟರಿ ವಿಳಾಸ 192.168.254.254, ಹಾಗಾಗಿ ಲ್ಯಾಪ್‌ಟಾಪಿಗೆ 192.168.254.10, ಮಾಸ್ಕ್ 255.255.255.0 ಕೊಡಿ, ಗೇಟ್‌ವೇ ಖಾಲಿ ಬಿಡಿ. ಪಿಂಗ್ ಮಾಡಿ. ಉತ್ತರ ಬಂದರೆ ಪುಟ್ಟಿಯಲ್ಲಿ ಪೋರ್ಟ್ 23ಕ್ಕೆ ಟೆಲ್‌ನೆಟ್ ಮಾಡಿ. ಮಾದರಿಯ ಹೆಸರು ಮತ್ತು ಆವೃತ್ತಿಯ ಸಾಲು ಬರುತ್ತದೆ, ಅಲ್ಲಿಂದ ಮುಂದೆ ಸೀರಿಯಲ್‌ನಲ್ಲಿ ಬಳಸಿದ ಅದೇ ಕಮ್ಯಾಂಡ್‌ಗಳು.

ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿ. ಇದನ್ನು ಒತ್ತಿ ಹೇಳಲು ಕಾರಣವಿದೆ: ಕ್ರೇಮರ್‌ನ ಹಲವು ಯಂತ್ರಗಳು 192.168.1.39ರಲ್ಲಿ ಇರುತ್ತವೆ, ಕಚೇರಿ ಮಂಟಪಗಳ ವೈಫೈ ಕೂಡ ಬಹಳ ಕಡೆ 192.168.1 ಸರಣಿಯಲ್ಲೇ ಇರುತ್ತದೆ. ಆಗ ಪಿಂಗ್ ಕೇಬಲಿನಲ್ಲಿ ಹೋಗುವ ಬದಲು ವೈಫೈನಲ್ಲಿ ಹೋಗಿ, ಯಾವುದೋ ಪ್ರಿಂಟರ್ ಉತ್ತರ ಕೊಡುತ್ತದೆ. ಅನುಮಾನ ಬಂದರೆ ರೌಟರಿನ ಕೇಬಲ್ ಕಿತ್ತು ಮತ್ತೆ ಪಿಂಗ್ ಮಾಡಿ. ಆಗಲೂ ಉತ್ತರ ಬರುತ್ತಿದ್ದರೆ ಆ ವಿಳಾಸದಲ್ಲಿ ಇನ್ಯಾರೋ ಕೂತಿದ್ದಾರೆ.

ವಿಡಿಯೊಹಬ್‌ಗೆ ಪೋರ್ಟ್ 9990. ಪುಟ್ಟಿಯಲ್ಲಿ ಟೆಲ್‌ನೆಟ್ ಬದಲು ರಾ ಆರಿಸಿ, ಇಲ್ಲವಾದರೆ ಟೆಲ್‌ನೆಟ್ ತನ್ನದೇ ಮಾತುಕತೆಯ ಬೈಟ್‌ಗಳನ್ನು ಸೇರಿಸಬಹುದು. ಕನೆಕ್ಟ್ ಆದ ಕೂಡಲೇ ಅದು ಕೇಳದೆಯೇ ಎಲ್ಲವನ್ನೂ ಹೇಳುತ್ತದೆ: ಮಾದರಿ, ಇನ್‌ಪುಟ್ ಔಟ್‌ಪುಟ್ ಹೆಸರುಗಳು, ಲಾಕ್‌ಗಳು, ಈಗಿನ ಜೋಡಣೆ. ಕಮ್ಯಾಂಡ್ ಮೂರು ಸಾಲು: ವಿಡಿಯೊ ಔಟ್‌ಪುಟ್ ರೌಟಿಂಗ್ ಎಂಬ ಶೀರ್ಷಿಕೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ, ಕೊನೆಗೆ ಕೋಲನ್, ಮುಂದಿನ ಸಾಲಿನಲ್ಲಿ 2 0, ಅದರ ನಂತರ ಒಂದು ಖಾಲಿ ಸಾಲು. ಖಾಲಿ ಸಾಲು ಮರೆತರೆ ಅದು ನೀವಿನ್ನೂ ಮುಗಿಸಿಲ್ಲ ಎಂದು ಕಾಯುತ್ತಲೇ ಇರುತ್ತದೆ. ಉತ್ತರವಾಗಿ ಮೊದಲು ಎಸಿಕೆ (ಸಂದೇಶ ತಲುಪಿತು ಎಂಬ ಸೂಚನೆ), ಆಮೇಲೆ ಬದಲಾದ ಜೋಡಣೆಯ ಸಾಲು. ಇಲ್ಲಿಯೂ ನಂಬಬೇಕಾದ್ದು ಎರಡನೆಯದನ್ನು.

ವಿಡಿಯೊಹಬ್‌ನ ಲಾಕ್ ಐಪಿ ವಿಳಾಸಕ್ಕೆ ಅಂಟಿಕೊಂಡಿರುತ್ತದೆ. ಡಿಎಚ್‌ಸಿಪಿಯಿಂದ (ನೆಟ್‌ವರ್ಕ್ ತಾನಾಗಿ ವಿಳಾಸ ಹಂಚುವ ವ್ಯವಸ್ಥೆ) ವಿಳಾಸ ಪಡೆಯುವ ಟ್ಯಾಬ್ಲೆಟಿನಿಂದ ಲಾಕ್ ಹಾಕಿ, ಮರುದಿನ ವಿಳಾಸ ಬದಲಾದರೆ ನಿಮ್ಮದೇ ಲಾಕ್ ನಿಮಗೇ ಬಿಡುವುದಿಲ್ಲ, ಬಲವಂತದ ಅನ್‌ಲಾಕ್ ಕೊಡಬೇಕು. ನಿಯಂತ್ರಣಕ್ಕೆ ಬಳಸುವ ಎಲ್ಲ ಯಂತ್ರಕ್ಕೂ ಸ್ಥಿರ ವಿಳಾಸ ಕೊಡಿ.

ರೌಟರಿನಲ್ಲಿ ಬರೀ ಸೀರಿಯಲ್ ಇದ್ದರೆ ಮೊಕ್ಸಾ ಎನ್‌ಪೋರ್ಟ್‌ನಂಥ ಸೀರಿಯಲ್ ಡಿವೈಸ್ ಸರ್ವರ್ ಹಾಕಬಹುದು. ಟಿಸಿಪಿ ಸರ್ವರ್ ಮೋಡ್‌ಗೆ ಇಟ್ಟರೆ ಪೋರ್ಟ್ 4001ಕ್ಕೆ ಬಂದದ್ದು ನೇರ ಸೀರಿಯಲ್‌ಗೆ ಹೋಗುತ್ತದೆ. ಸಾಮಾನ್ಯವಾಗಿ ಒಂದೇ ಸಂಪರ್ಕ ಒಪ್ಪುವಂತೆ ಹೊಂದಿಸಿರುತ್ತದೆ. ಲ್ಯಾಪ್‌ಟಾಪ್ ಮುಚ್ಚಿ ಎದ್ದು ಹೋದರೆ ಆ ಹಳೆಯ ಸಂಪರ್ಕ ಇನ್ನೂ ಇದೆ ಎಂದೇ ಸರ್ವರ್ ತಿಳಿದು, ಬೇರೆಯವರನ್ನು ಒಳಗೆ ಬಿಡುವುದಿಲ್ಲ. ಟಿಸಿಪಿ ಅಲೈವ್ ಚೆಕ್ ಸಮಯವನ್ನು 1 ನಿಮಿಷಕ್ಕೆ ಇಳಿಸಿ.

ಪ್ರೋಗ್ರಾಂ ಬರೆಯುವವರಿಗೆ

ಟಿಸಿಪಿಯಲ್ಲಿ ಸಾಲು ಎಂಬುದಿಲ್ಲ, ಬೈಟ್‌ಗಳ ಹರಿವು ಮಾತ್ರ. ಒಂದು ಸಲ ಓದಿದಾಗ ಅರ್ಧ ಉತ್ತರ ಬರಬಹುದು, ಎರಡೂವರೆ ಉತ್ತರವೂ ಬರಬಹುದು. ಬಂದದ್ದನ್ನೆಲ್ಲ ಬಫರಿಗೆ ಸೇರಿಸಿ, ಸಾಲಿನ ಕೊನೆಯ ಗುರುತು ಕಂಡಾಗ ಮಾತ್ರ ಕತ್ತರಿಸಿ ತೆಗೆಯಿರಿ. ಮೇಜಿನ ಮೇಲೆ ಸರಿಯಾಗಿ ನಡೆದು ಕಾರ್ಯಕ್ರಮದ ದಿನ ಕೈಕೊಡುವ ಪ್ರೋಗ್ರಾಂಗಳಲ್ಲಿ ಮೊದಲು ನೋಡಬೇಕಾದ ಜಾಗ ಇದು.

ಸಂಪರ್ಕ ಸಿಕ್ಕ ಕೂಡಲೇ ಪೂರ್ತಿ ಸ್ಥಿತಿ ಓದಿಕೊಳ್ಳಿ, ಹಿಂದಿನ ನೆನಪಿನಿಂದ ಬಟನ್ ಹೊತ್ತಿಸಬೇಡಿ. ಒಂದು ಕಮ್ಯಾಂಡ್ ಕಳಿಸಿ, ಉತ್ತರಕ್ಕೆ ಕಾದು, ಆಮೇಲೆ ಮುಂದಿನದು. ಅರ್ಧ ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಇನ್ನೊಮ್ಮೆ ಕಳಿಸಿ. ಮೂರು ಸಲವೂ ಬಾರದಿದ್ದರೆ ಬಟನ್ ಕೆಂಪಾಗಲಿ, ಆಪರೇಟರಿಗೆ ತಿಳಿಯಲಿ.

ಬೇರೆಯವರು ಮುಂಭಾಗದ ಬಟನ್ ಒತ್ತಿದರೂ ನಿಮಗೆ ತಿಳಿಯಬೇಕು. ಎಕ್ಸ್‌ಟ್ರಾನ್‌ನ ಹಲವು ಮಾದರಿಗಳು ಸೀರಿಯಲ್‌ನಲ್ಲಿ ಇದನ್ನು ತಾವಾಗಿ ಹೇಳುತ್ತವೆ, ಟೆಲ್‌ನೆಟ್‌ನಲ್ಲಿ ಹೇಳುವುದಿಲ್ಲ. ಎಸ್ಕೇಪ್, 1, ಸಿ, ವಿ, ಎಂಟರ್ ಕಳಿಸಿ ವರ್ಬೋಸ್ ಮೋಡ್ ಆನ್ ಮಾಡಿದರೆ ಹೇಳತೊಡಗುತ್ತವೆ. ಸಂಪರ್ಕ ಕಡಿದು ಮತ್ತೆ ಸೇರಿದಾಗಲೆಲ್ಲ ಇದನ್ನು ಮತ್ತೆ ಕಳಿಸಬೇಕು.

ಐದು ನಿಮಿಷ ಮಾತಿಲ್ಲದಿದ್ದರೆ ಎಕ್ಸ್‌ಟ್ರಾನ್ ಸಂಪರ್ಕ ಮುಚ್ಚುತ್ತದೆ. ಲಿನಕ್ಸ್‌ನ ಟಿಸಿಪಿ ಕೀಪ್‌ಅಲೈವ್ ಶುರುವಾಗುವುದೇ 7200 ಸೆಕೆಂಡ್ ಆದ ಮೇಲೆ, ಅದನ್ನು ನಂಬಿ ಕೂರುವಂತಿಲ್ಲ. ಪ್ರತಿ 30 ಸೆಕೆಂಡಿಗೆ ನಿರುಪದ್ರವಿ ಪ್ರಶ್ನೆಯೊಂದು ಕೇಳುತ್ತಿರಿ: ಎಕ್ಸ್‌ಟ್ರಾನ್‌ಗೆ ಕ್ಯೂ, ವಿಡಿಯೊಹಬ್‌ಗೆ ಪಿಂಗ್ ಶೀರ್ಷಿಕೆ ಮತ್ತು ಖಾಲಿ ಸಾಲು.

ಚಿತ್ರ ಬದಲಾಗುವ ಗಳಿಗೆ

9600 ಬಾಡ್‌ನಲ್ಲಿ ಒಂದು ಅಕ್ಷರಕ್ಕೆ ಸುಮಾರು 1.04 ಮಿಲಿಸೆಕೆಂಡ್. 16*16! ಎಂಬ ಆರು ಅಕ್ಷರ ಹೋಗಲು 6, ಅದರ ಹದಿನಾರು ಅಕ್ಷರದ ಉತ್ತರ ಬರಲು 17, ಒಟ್ಟು 23 ಮಿಲಿಸೆಕೆಂಡ್. ಹದಿನಾರು ಔಟ್‌ಪುಟ್ಟನ್ನು ಹೀಗೆ ಒಂದೊಂದಾಗಿ ಬದಲಿಸಿದರೆ ಸುಮಾರು 370 ಮಿಲಿಸೆಕೆಂಡ್ ಆಗುತ್ತದೆ. ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಇದು ಒಂಬತ್ತು ಫ್ರೇಮ್. ಎಲ್‌ಇಡಿ ವಾಲ್ ಮೇಲೆ ಚಿತ್ರ ಸಾಲಾಗಿ ಬದಲಾಗುವುದು ಸಭಿಕರಿಗೂ ಕಾಣುತ್ತದೆ. ಜೋಡಣೆಯನ್ನು ಮೊದಲೇ ಮಾಡಿ ಪ್ರಿಸೆಟ್ ಆಗಿ ಉಳಿಸಿ: 5ರ ಮುಂದೆ ಅಲ್ಪವಿರಾಮ (5,) ಕೊಟ್ಟರೆ ಐದನೇ ಪ್ರಿಸೆಟ್‌ಗೆ ಉಳಿಸು ಎಂದರ್ಥ, ಪೂರ್ಣವಿರಾಮ (5.) ಕೊಟ್ಟರೆ ಅದನ್ನು ತಾ ಎಂದರ್ಥ. ಎರಡೇ ಅಕ್ಷರ, ಎಲ್ಲ ಒಟ್ಟಿಗೆ ಬದಲಾಗುತ್ತದೆ. ಅಲ್ಪವಿರಾಮಕ್ಕೂ ಪೂರ್ಣವಿರಾಮಕ್ಕೂ ಕೀಬೋರ್ಡಿನಲ್ಲಿ ಅಕ್ಕಪಕ್ಕದ ಜಾಗ, ಕಾರ್ಯಕ್ರಮದ ಮಧ್ಯೆ ಕೈಯಿಂದ ಟೈಪ್ ಮಾಡಬೇಡಿ, ಬಟನ್‌ಗೆ ಕಟ್ಟಿಡಿ.

ಪ್ರಸಾರದಲ್ಲಿ ಬಳಸುವ ಎಸ್‌ಡಿಐ ವಿಡಿಯೊದ ರೌಟರಿಗೆ ಬ್ಲ್ಯಾಕ್ ಬರ್ಸ್ಟ್ ಅಥವಾ ಟ್ರೈ-ಲೆವೆಲ್ ಸಿಂಕ್ ರೆಫರೆನ್ಸ್, ಅಂದರೆ ಎಲ್ಲ ಯಂತ್ರಗಳನ್ನು ಒಂದೇ ತಾಳಕ್ಕೆ ತರುವ ಸಿಗ್ನಲ್ ಕೊಡದಿದ್ದರೆ ಸ್ವಿಚ್ ಚಿತ್ರದ ನಡುವೆಯೇ ಆಗಿ ಒಂದು ಮಿಂಚು ಕಾಣಬಹುದು. ಎಸ್‌ಎಂಪಿಟಿಇ ಸಂಸ್ಥೆಯ ಆರ್‌ಪಿ 168 ಎಂಬ ಶಿಫಾರಸಿನ ಪ್ರಕಾರ ಸ್ವಿಚ್ ಆಗಬೇಕಾದ್ದು 625 ಸಾಲಿನ ವಿಡಿಯೊದಲ್ಲಿ 6ನೇ ಸಾಲಿನಲ್ಲಿ, 1080ರಲ್ಲಿ 7ನೇ ಸಾಲಿನಲ್ಲಿ. ಎಚ್‌ಡಿಎಂಐ ಮ್ಯಾಟ್ರಿಕ್ಸ್‌ನಲ್ಲಾದರೆ ರೌಟರ್ ಆಯಿತು ಎಂದ ಮೇಲೂ ಎಚ್‌ಡಿಸಿಪಿ (ನಕಲು ತಡೆಯುವ ವ್ಯವಸ್ಥೆ) ಒಪ್ಪಂದ ಮುಗಿಯುವವರೆಗೆ ಪರದೆ ಕಪ್ಪಾಗಿರುತ್ತದೆ. ಆ ಗಾಬರಿಯಲ್ಲಿ ಮತ್ತೆ ಬಟನ್ ಒತ್ತಿದರೆ ಒಪ್ಪಂದ ಮೊದಲಿನಿಂದ ಶುರುವಾಗಬಹುದು. ಕೈ ಕಟ್ಟಿ ಕಾಯಿರಿ.

ಕರೆಂಟು, ಅರ್ಥಿಂಗ್, ಬೀಗ

ವೇದಿಕೆಯ ಎಲ್‌ಇಡಿ ವಾಲ್ ಜನರೇಟರ್ ಮೇಲೆ, ಕಂಟ್ರೋಲ್ ರೂಮ್ ಬೆಸ್ಕಾಂ ಲೈನಿನ ಮೇಲೆ ಇರುವುದು ಇಲ್ಲಿ ಮಾಮೂಲು. ಎರಡರ ಅರ್ಥಿಂಗ್ ಬೇರೆಯಾದರೆ 232 ಕೇಬಲಿನ ಗ್ರೌಂಡ್ ತಂತಿಯಲ್ಲೇ ಕರೆಂಟ್ ಹರಿಯುತ್ತದೆ. ಕೇಬಲ್ ಸಿಕ್ಕಿಸುವ ಮೊದಲು ಎರಡು ಕಡೆಯ ಲೋಹದ ಕವಚಗಳ ನಡುವೆ ಎಸಿ ವೋಲ್ಟೇಜ್ ಅಳೆಯಿರಿ. ಒಂದೆರಡು ವೋಲ್ಟ್‌ಗಿಂತ ಹೆಚ್ಚು ಇದ್ದರೆ ನೇರವಾಗಿ ಜೋಡಿಸಬೇಡಿ, ಆಪ್ಟಿಕಲ್ ಐಸೊಲೇಟರ್ ಹಾಕಿ. ಇಲ್ಲವೇ ನೆಟ್‌ವರ್ಕ್ ಬಳಸಿ: ಈಥರ್ನೆಟ್ ಪೋರ್ಟಿನಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದರಿಂದ ಶೀಲ್ಡ್ ಇಲ್ಲದ ಕೇಬಲಿನಲ್ಲಿ ಈ ತೊಂದರೆ ಬರುವುದಿಲ್ಲ. ಏಪ್ರಿಲ್ ಮೇ ತಿಂಗಳ ಗುಡುಗು ಮಳೆಯಲ್ಲಿ ಎರಡು ಕಟ್ಟಡಗಳ ನಡುವೆ ತಾಮ್ರದ ತಂತಿಯೇ ಬೇಡ, ಫೈಬರ್ ಹಾಕಿ.

ಈ ಪ್ರೋಟೊಕಾಲ್‌ಗಳಲ್ಲಿ ಬಹಳಷ್ಟಕ್ಕೆ ಪಾಸ್‌ವರ್ಡೇ ಇಲ್ಲ. ಒಂದೇ ನೆಟ್‌ವರ್ಕಿನಲ್ಲಿರುವ ಯಾರು ಬೇಕಾದರೂ ಪೋರ್ಟ್ 9990ಕ್ಕೆ ಮಾತಾಡಬಹುದು. ರೌಟರ್ ಮತ್ತು ನಿಯಂತ್ರಣ ಯಂತ್ರಗಳಿಗೆ ಪ್ರತ್ಯೇಕ ವಿಎಲ್‌ಎಎನ್ (ಅದೇ ಸ್ವಿಚ್ಚಿನೊಳಗಿನ ಬೇರೆ ನೆಟ್‌ವರ್ಕ್) ಮಾಡಿ, ಅತಿಥಿಗಳ ವೈಫೈ ಅತ್ತ ಸುಳಿಯದಿರಲಿ. ಇಂಟರ್ನೆಟ್ಟಿನಿಂದ ಪೋರ್ಟ್ ಫಾರ್ವರ್ಡ್ ಮಾಡಲೇಬೇಡಿ. ಮನೆಯಿಂದ ನೋಡಬೇಕಾದರೆ ವಿಪಿಎನ್ ಬಳಸಿ.

ಎಲ್ಲ ಆದ ಮೇಲೆ ಕರೆಂಟು ಹೋಗುವ ಪರೀಕ್ಷೆ. ರೌಟರ್, ನೆಟ್‌ವರ್ಕ್ ಸ್ವಿಚ್, ಪಿಸಿ ಮೂರನ್ನೂ ಒಟ್ಟಿಗೆ ಆರಿಸಿ, ಒಟ್ಟಿಗೆ ಹೊತ್ತಿಸಿ, ಯಾವುದನ್ನೂ ಮುಟ್ಟಬೇಡಿ. ನೆಟ್‌ವರ್ಕ್ ಸ್ವಿಚ್ ಏಳಲು ಸಮಯ ತೆಗೆದುಕೊಳ್ಳುತ್ತದೆ, ಪ್ರೋಗ್ರಾಂ ಅಷ್ಟರೊಳಗೆ ಸೋತು ಕೈಬಿಟ್ಟಿರಬಾರದು. ಎರಡು ಸೆಕೆಂಡಿಗೊಮ್ಮೆ ಪ್ರಯತ್ನಿಸುತ್ತ, ಸಂಪರ್ಕ ಸಿಕ್ಕ ಕೂಡಲೇ ರೌಟರಿನ ಸ್ಥಿತಿ ಓದಿ ಬಟನ್‌ಗಳನ್ನು ಹೊಂದಿಸಬೇಕು. ಆಮೇಲೆ ಪಿಸಿ ಮಾತ್ರ ಆರಿಸಿ ನೋಡಿ, ಆಮೇಲೆ ರೌಟರ್ ಮಾತ್ರ, ಕೊನೆಗೆ ನೆಟ್‌ವರ್ಕ್ ಕೇಬಲ್ ಮಾತ್ರ ಕಿತ್ತು ಹತ್ತು ನಿಮಿಷ ಬಿಟ್ಟು ಸಿಕ್ಕಿಸಿ. ನಾಲ್ಕು ಸಲವೂ ಪರದೆಯ ಬಟನ್‌ಗಳು ಮತ್ತು ಮಾನಿಟರಿನ ಚಿತ್ರಗಳು ಒಂದಕ್ಕೊಂದು ಹೊಂದಿದರೆ ವ್ಯವಸ್ಥೆಯನ್ನು ಆಪರೇಟರಿಗೆ ಒಪ್ಪಿಸಬಹುದು.